ಮಂಜುಗಡ್ಡೆಯಲ್ಲಿ 0.6

— ಸರ್, ಬೇಗ ಮುಗಿಯೋ ಕೆಲಸ. ಲಸಿಕೆ ಇಡೋ ಫ್ರಿಜ್‌ನ ಎರಡು ಲಾಗರ್ ತಂದಿದ್ದೀನಿ. ಹೋದ ವರ್ಷ ನಿಮ್ಮಲ್ಲೇ ಕ್ಯಾಲಿಬ್ರೇಟ್ ಮಾಡಿಸಿದ್ದು. ಒಂದು ಸರಿಯಾಗಿದೆ, ಇನ್ನೊಂದು ಸ್ವಲ್ಪ ಜಾಸ್ತಿ ತೋರಿಸ್ತಿದೆ ಅನ್ನಿಸ್ತು. ಎಷ್ಟು ಜಾಸ್ತಿ ಅಂತ ಹೇಳಿಬಿಟ್ರೆ ಸಾಫ್ಟ್‌ವೇರ್‌ನಲ್ಲಿ ಅಷ್ಟನ್ನು ಕಳೆದು ವಾಪಸ್ ಕಳಿಸಿಬಿಡ್ತೀನಿ.

— ಎಷ್ಟು ಅಂತ ಹೇಳೋಕೆ ಅರ್ಧ ದಿನ ಸಾಕು. ಯಾಕೆ ಅಂತ ಹೇಳೋಕೆ ಇನ್ನೂ ಹೊತ್ತು ಬೇಕು. ನಿಂಗೆ ಯಾವುದು ಬೇಕು?

— ಎಷ್ಟು ಅನ್ನೋದು ಸಾಕು ಸರ್. ಸೋಮವಾರ ಬಾಕ್ಸ್ ತಾಲ್ಲೂಕಿಗೆ ಹೋಗ್ಬೇಕು.

— ಸರಿ, ಆ ಸ್ಕ್ರೂ ಡ್ರೈವರ್ ಕೆಳಗಿಡು. ಬೋರ್ಡ್ ತೆಗೀಬೇಡ, ಏನೂ ಒರೆಸ್ಬೇಡ. ಬಂದದ್ದು ಬಂದ ಹಾಗೇ ಇರುವಾಗ ಮೊದಲ ರೀಡಿಂಗ್ ತಗೋಬೇಕು. ಒಂದ್ಸಲ ಮುಟ್ಟಿದ ಮೇಲೆ ಇಷ್ಟು ದಿನ ಅದು ಅಲ್ಲಿ ಏನು ಓದ್ತಿತ್ತು ಅನ್ನೋದು ಯಾರಿಗೂ ಸಿಗಲ್ಲ. ಸುಮಾರು ಜನ ಇಲ್ಲಿಗೆ ತರೋ ಮುಂಚೆ ಪ್ರೀಸೆಟ್ ತಿರುಗಿಸಿ ‘ಸರಿ ಮಾಡ್ಕೊಂಡೇ’ ತರ್ತಾರೆ. ಆಮೇಲೆ ನನ್ನ ಹತ್ರ ಸರ್ಟಿಫಿಕೇಟ್ ಕೇಳ್ತಾರೆ.

— ನಮ್ಮ ಬೋರ್ಡಲ್ಲಿ ಪ್ರೀಸೆಟ್ಟೇ ಇಲ್ಲ ಸರ್. ತಿರುಗಿಸೋಕೆ ಏನೂ ಇಲ್ಲ. ತಿದ್ದುಪಡಿಯ ಸಂಖ್ಯೆಗಳೆಲ್ಲ ಮೆಮೊರಿಯಲ್ಲಿ.

— ಅದು ಒಳ್ಳೇದೇ. ನಮ್ಮ ಕಾಲದ ಬೋರ್ಡುಗಳಲ್ಲಿ ಪ್ರೀಸೆಟ್ ಮೇಲೆ ನೇಲ್ ಪಾಲಿಶ್ ಹಚ್ಚಿ ಕಳಿಸ್ತಿದ್ವಿ. ಆದ್ರೂ ಲಾರಿಯ ಕುಲುಕಾಟಕ್ಕೆ ಅದು ಸರಿದು, ಸರ್ಕ್ಯೂಟ್ ತಿದ್ದೋಕೆ ಇಟ್ಟ ಭಾಗವೇ ಸರ್ಕ್ಯೂಟನ್ನ ಕೆಡಿಸ್ತಿತ್ತು. ಬಾ, ಆ ಫ್ಲಾಸ್ಕ್ ಕೊಡು. ಡಿಸ್ಟಿಲ್ಡ್ ನೀರಿನ ಐಸ್ ಫ್ರೀಜರಲ್ಲಿದೆ, ಸಣ್ಣಗೆ ಪುಡಿ ಮಾಡು.

— ನಲ್ಲಿ ನೀರಿನ ಐಸ್ ಆದ್ರೆ ಏನಾಗತ್ತೆ?

— ಉಪ್ಪಿನಂಶ ಇದ್ರೆ ಸೊನ್ನೆಗಿಂತ ಕೆಳಗೆ ಕರಗತ್ತೆ. ಎಷ್ಟು ಕೆಳಗೆ ಅಂತ ನಮಗೆ ಗೊತ್ತಿರಲ್ಲ, ಅದೇ ತೊಂದರೆ. ಈಗ ಡಿಸ್ಟಿಲ್ಡ್ ನೀರನ್ನೇ ಸ್ವಲ್ಪ ಸ್ವಲ್ಪವಾಗಿ ಸುರಿ. ಇನ್ನೂ ಬೆಳ್ಳಗಿದೆ ನೋಡು, ಅಂದ್ರೆ ಪುಡಿಯ ನಡುವೆ ಗಾಳಿ ಕೂತಿದೆ. ಬಿಳಿ ಹೋಗಿ ಬೂದು ಬಣ್ಣಕ್ಕೆ, ಗಾಜಿನ ಹಾಗೆ ಆಗೋವರೆಗೂ ಸುರೀಬೇಕು. ಅಷ್ಟಾದ್ಮೇಲೆ ನಿಲ್ಲಿಸು. ಐಸ್ ತೇಲಾಡ್ತಿದ್ರೆ ನೀರು ಹೆಚ್ಚಾಯ್ತು ಅಂತ ಲೆಕ್ಕ.

— ತೇಲಿದ್ರೂ ಐಸ್ ಇದ್ದೇ ಇರತ್ತಲ್ಲ?

— ಮೇಲೆ ಇರತ್ತೆ. ತಳದಲ್ಲಿ ಇರಲ್ಲ. ನೀರು ಅತಿ ಭಾರ ಇರೋದು 4 ಡಿಗ್ರಿ ಹತ್ರ. ಆ ನೀರು ಕೆಳಗೆ ಹೋಗಿ ಕೂರತ್ತೆ. ನೀನು ಪ್ರೋಬನ್ನ ತಳಕ್ಕೆ ಮುಟ್ಟಿಸಿದ್ರೆ 2, 3 ಅಂತ ಏನೇನೋ ಬರತ್ತೆ, ಸೆನ್ಸರ್ ಕೆಟ್ಟಿದೆ ಅಂತ ಬರೆದುಬಿಡ್ತೀಯ. ಹೆಚ್ಚಾದ ನೀರನ್ನ ಈ ಪೈಪಿನಿಂದ ಎಳೆದು ತೆಗಿ. ಪ್ರೋಬ್ ಸುತ್ತ ಐಸ್ ಒತ್ತಿ ಕೂರಿಸು. ಪಕ್ಕದಲ್ಲಿ ನನ್ನ ರೆಫರೆನ್ಸ್ ಪ್ರೋಬೂ ಇರ್ಲಿ.

— ಕುದಿಯೋ ನೀರಲ್ಲೂ ಇಡೋದಾ? ಕಾಲೇಜಲ್ಲಿ ಸೊನ್ನೆ ಮತ್ತು ನೂರು, ಎರಡು ಪಾಯಿಂಟ್ ಹಿಡಿದು ಗೆರೆ ಎಳೆಸ್ತಿದ್ರು.

— ಯಾವ ಊರಿನ ಕಾಲೇಜು?

— ಇದೇ ಬೆಂಗಳೂರು.

— ಬೆಂಗಳೂರಲ್ಲಿ ನೀರು ಎಲ್ಲಮ್ಮ ನೂರಕ್ಕೆ ಕುದಿಯತ್ತೆ? ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದ್ದೀವಿ, ಇಲ್ಲಿ ಸುಮಾರು 97ಕ್ಕೇ ಕುದಿಯತ್ತೆ. ಅದನ್ನ ನೂರು ಅಂತ ಬರ್ಕೊಂಡ್ರೆ ನಿನ್ನ ಗೆರೆಯ ಓಟದಲ್ಲೇ ನೂರಕ್ಕೆ ಮೂರು ತಪ್ಪು. ಮಂಗಳೂರಿನ ಹುಡುಗರು ಅದೇ ಪ್ರಯೋಗ ಮಾಡಿ ಸರಿ ಉತ್ತರ ತಂದಿರ್ತಾರೆ. ಐಸಿಗೆ ಈ ರಗಳೆ ಇಲ್ಲ. ಗಾಳಿಯ ಒತ್ತಡ ಬದಲಾದ್ರೂ ಅದು ಕರಗೋ ಬಿಂದು ಕದಲೋದು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಅದೂ ಅಲ್ದೆ ನಿನ್ನ ಲಾಗರ್ ಕೆಲಸ ಮಾಡೋದು 2ರಿಂದ 8 ಡಿಗ್ರಿ ನಡುವೆ. ಕುದಿಯೋ ನೀರಿಗೂ ಅದಕ್ಕೂ ಏನು ಸಂಬಂಧ? ಎಲ್ಲಿ ಅಳೀತೀವೋ ಅದರ ಅಕ್ಕಪಕ್ಕದಲ್ಲೇ ಪರೀಕ್ಷೆ ಮಾಡ್ಬೇಕು. ಸೊನ್ನೆ, ಐದು, ಹತ್ತು, ಜೊತೆಗೆ ರೂಮಿನ ಇಪ್ಪತ್ತೈದು.

— ಬಂತು ಸರ್. ನಿಮ್ಮದು 0.00. ನಮ್ಮ ಒಳ್ಳೇ ಲಾಗರ್ 0.0. ಇದು 0.6.

— ಐದು ನಿಮಿಷ ಬಿಡು.

— ಈಗ್ಲೂ 0.6.

— ಹೋದ ವರ್ಷದ ಸರ್ಟಿಫಿಕೇಟಲ್ಲಿ ಏನಿತ್ತು?

— ಎರಡೂ ಸೊನ್ನೆಯಲ್ಲಿ ಸರಿಯಾಗಿದ್ವು. ಹಂಗಾದ್ರೆ ಆಯ್ತಲ್ಲ ಸರ್, 0.6 ಕಳೀತೀನಿ.

— ಕಳೀತೀಯೋ ಕೂಡಿಸ್ತೀಯೋ?

— ಜಾಸ್ತಿ ತೋರಿಸ್ತಿದ್ರೆ ಕಳೀಬೇಕು ತಾನೇ?

— ನೀನು ಸರಿ ಹೇಳ್ದೆ. ಆದ್ರೆ ಸರ್ಟಿಫಿಕೇಟಲ್ಲಿ ಕೆಲವರು ‘ದೋಷ ಪ್ಲಸ್ 0.6’ ಅಂತ ಬರೀತಾರೆ, ಕೆಲವರು ‘ತಿದ್ದುಪಡಿ ಮೈನಸ್ 0.6’ ಅಂತ. ಎರಡೂ ಒಂದೇ. ಕಾಗದ ಸರಿಯಾಗಿ ಓದದೆ ದೋಷವನ್ನೇ ತಿದ್ದುಪಡಿ ಅಂದ್ಕೊಂಡು ಕೂಡಿಸಿ 1.2 ಮಾಡ್ಕೊಂಡವರನ್ನ ನೋಡಿದ್ದೀನಿ. ಇನ್ನು ಬಹಳ ಕಡೆ ಆ ಕಾಗದ ಫೈಲಿಗೆ ಹೋಗತ್ತೆ, ಸ್ಟಿಕ್ಕರ್ ಮೀಟರಿಗೆ ಹೋಗತ್ತೆ, ಸಂಖ್ಯೆ ಮಾತ್ರ ಎಲ್ಲಿಗೂ ಹೋಗಲ್ಲ. ಆಡಿಟ್ ಬಂದವರು ಸ್ಟಿಕ್ಕರಿನ ದಿನಾಂಕ ನೋಡಿ ಟಿಕ್ ಹಾಕಿ ಹೋಗ್ತಾರೆ. ಇರ್ಲಿ. ಈಗ ಎರಡೂ ಪ್ರೋಬ್ ತೆಗೆದು ಆ ನೀರಿನ ಬಾತಿಗೆ ಹಾಕು, 25ಕ್ಕೆ ಇಟ್ಟಿದ್ದೀನಿ.

— ಅದಕ್ಕೆ ಸಮಯ ಯಾಕೆ ಸರ್? ಲಾಗರ್ ಕೆಲಸ ಮಾಡೋದು 2ರಿಂದ 8ರ ನಡುವೆ ಅಂತ ಈಗ ನೀವೇ ಹೇಳಿದ್ರಿ.

— ಹಾಕು, ಹೇಳ್ತೀನಿ.

— 25.2. ಒಳ್ಳೇದು 25.0. ಓ, ಇಲ್ಲಿ 0.2 ಮಾತ್ರ ಹೆಚ್ಚು.

— ಅಂದ್ರೆ ನಿನ್ನ ‘0.6 ಕಳಿ’ ಅನ್ನೋದು ಸೊನ್ನೆ ಡಿಗ್ರಿಯಲ್ಲಿ ಮಾತ್ರ ನಿಜ. ಐದರಲ್ಲಿ ಇನ್ನೊಂದು, ಎಂಟರಲ್ಲಿ ಮತ್ತೊಂದು. ತಣ್ಣಗಾದಷ್ಟೂ ತಪ್ಪು ಬೆಳೀತಿದೆ. ಇದು ಯಾರ ಕೆಲಸ ಅಂತ ನೋಡ್ಬೇಕು. ಸರ್ಕ್ಯೂಟಿಂದೋ, ಸೆನ್ಸರಿಂದೋ?

— ಸರ್ಕ್ಯೂಟ್ ಆಗಿರಲ್ಲ ಸರ್. ನಮ್ಮ ಸೆನ್ಸರ್ ಥರ್ಮಿಸ್ಟರ್, ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರತ್ತೆ. ಥರ್ಮಿಸ್ಟರ್ ಮೇಲಿನ ವೋಲ್ಟೇಜನ್ನೂ ಅದರ ಜೊತೆಗಿರೋ ರೆಸಿಸ್ಟರ್ ಮೇಲಿನ ವೋಲ್ಟೇಜನ್ನೂ ಎರಡೂ ಓದಿ ಭಾಗಿಸ್ತೀವಿ. ಬ್ಯಾಟರಿ ಇಳಿದ್ರೂ, ಒಳಗಿನ ರೆಫರೆನ್ಸ್ ವೋಲ್ಟೇಜ್ ಸರಿದ್ರೂ ಮೇಲೂ ಕೆಳಗೂ ಒಂದೇ ಸಮ ಬದಲಾಗಿ ಭಾಗಾಕಾರದಲ್ಲಿ ಹೊಡೆದು ಹೋಗತ್ತೆ. ಉಳಿಯೋದು ಆ ಒಂದು ರೆಸಿಸ್ಟರ್. ಅದು 0.1 ಪರ್ಸೆಂಟಿಂದು, ಡಿಗ್ರಿಗೆ 25 ಪಿಪಿಎಂ.

— ಭಲೇ. ಇದನ್ನ ಕಾಲೇಜಲ್ಲಿ ಹೇಳ್ಕೊಡಲ್ಲ, ಎಲ್ಲಿ ಕಲಿತೆ?

— ಹಳೇ ಬೋರ್ಡು ಕೈ ಕೊಟ್ಟಾಗ.

— ಆದ್ರೂ ನಂಬಲ್ಲ, ಪರೀಕ್ಷೆ ಮಾಡ್ತೀನಿ. ಪ್ರೋಬ್ ಕಿತ್ತು ಅದರ ಜಾಗಕ್ಕೆ ಈ ಡಿಕೇಡ್ ಬಾಕ್ಸ್ ಸೇರಿಸು. 10 ಸಾವಿರ ಓಮ್ ಇಡು. ಎಷ್ಟು?

— 25.0.

— ಈಗ 33.6 ಸಾವಿರ.

— 0.0. ಸರ್ಕ್ಯೂಟ್ ನಿರಪರಾಧಿ ಸರ್!

— ಹೌದು, ಇವತ್ತಿಗೆ. ಈ ಬಾಕ್ಸಿನ ಕೆಲಸ ನೋಡು, ಸೆನ್ಸರನ್ನ ಹೊರಗಿಟ್ಟು ಸರ್ಕ್ಯೂಟನ್ನ ಮಾತ್ರ ವಿಚಾರಣೆ ಮಾಡತ್ತೆ. ಇದೊಂದು ಮಾಡದೆ ಜನ ಇಡೀ ಸರಪಳಿಯ ಕೊನೆಯಲ್ಲಿ ಒಂದು ಸಂಖ್ಯೆ ಕಳೆದು ಕೂರ್ತಾರೆ. ಆಮೇಲೆ ಪ್ರೋಬ್ ಬದಲಾಯಿಸಿದ್ರೆ ಹಳೇ ಪ್ರೋಬಿನ ತಪ್ಪಿಗೆ ಹಾಕಿದ ತಿದ್ದುಪಡಿ ಹೊಸ ಪ್ರೋಬಿನ ತಲೆಗೆ ಬರತ್ತೆ.

— ಮುಂದಿನ ಬೋರ್ಡಲ್ಲಿ ಇದನ್ನೇ ಒಳಗೆ ಇಡ್ಬೇಕು ಅಂತಿದ್ದೀನಿ ಸರ್. ಒಂದು ಸ್ಥಿರ ರೆಸಿಸ್ಟರ್, ಒಂದು ಎಲೆಕ್ಟ್ರಾನಿಕ್ ಸ್ವಿಚ್. ಗಂಟೆಗೊಮ್ಮೆ ಸೆನ್ಸರ್ ಬದಲು ಅದನ್ನ ಓದಿ ತನ್ನನ್ನ ತಾನೇ ಸರಿ ಮಾಡ್ಕೊಳ್ಳತ್ತೆ.

— ಇಡು, ಖಂಡಿತ ಇಡು. ಆದ್ರೆ ಮಾರ್ಕೆಟಿಂಗ್‌ನವರು ಅದಕ್ಕೆ ‘ಕ್ಯಾಲಿಬ್ರೇಷನ್ ಬೇಕಿಲ್ಲದ ಲಾಗರ್’ ಅಂತ ಹೆಸರಿಡದ ಹಾಗೆ ನೋಡ್ಕೋ. ಅದಕ್ಕೆ ತನ್ನ ಬೋರ್ಡು ಕಾಣತ್ತೆ, ತಂತಿಯ ತುದಿಯಲ್ಲಿರೋ ಸೆನ್ಸರ್ ಕಾಣಲ್ಲ. ಇವತ್ತಿನ ಈ ರೋಗ ಅದಕ್ಕೆ ಗೊತ್ತೇ ಆಗ್ತಿರಲಿಲ್ಲ. ಈಗ ಸೆನ್ಸರನ್ನೇ ಅಳೆಯೋಣ. ಈ ಮೀಟರಿಗೆ ಹಾಕು. ಐಸಲ್ಲಿ ಎಷ್ಟು ಓಮ್?

— 32.5 ಸಾವಿರ. ಇರ್ಬೇಕಾದ್ದು 33.6. ಬಾತಲ್ಲಿ 9.90 ಸಾವಿರ, ಇರ್ಬೇಕಾದ್ದು 10.00.

— ಎರಡು ಕಡೆಯೂ ಕಮ್ಮಿ. ಇದೇ ನನಗೆ ಅನುಮಾನ. ಥರ್ಮಿಸ್ಟರ್ ಸುಮ್ನೆ ವಯಸ್ಸಾಗಿ ಹಾಳಾದ್ರೆ ಸಾಮಾನ್ಯವಾಗಿ ರೆಸಿಸ್ಟೆನ್ಸ್ ನಿಧಾನವಾಗಿ ಏರತ್ತೆ. ಆಗ ಇರೋದಕ್ಕಿಂತ ತಣ್ಣಗೆ ತೋರಿಸತ್ತೆ. ಇದು ಇಳಿದಿದೆ. ಎಲ್ಲೋ ಪಕ್ಕದ ದಾರಿಯಿಂದ ಕರೆಂಟ್ ಸೋರ್ತಿದೆ. ಎಷ್ಟು ಸೋರಿಕೆ ಅಂತ ಲೆಕ್ಕ ಹಾಕು ನೋಡೋಣ.

— ಪ್ಯಾರಲಲ್ ರೆಸಿಸ್ಟರ್ ಲೆಕ್ಕ ತಾನೇ... 32.5ರ ವಿಲೋಮದಿಂದ 33.6ರ ವಿಲೋಮ ಕಳೆದ್ರೆ... ಸುಮಾರು ಒಂದು ಮೆಗಾಓಮ್. ಇಪ್ಪತ್ತೈದರಲ್ಲಿ... ಅರೆ, ಅಲ್ಲೂ ಒಂದು ಮೆಗಾಓಮ್!

— ಎರಡು ಬೇರೆ ಬೇರೆ ತಪ್ಪು, ಕಾರಣ ಒಂದೇ. ಹತ್ತು ಸಾವಿರದ ಪಕ್ಕ ಒಂದು ಮೆಗಾಓಮ್ ಕೂತ್ರೆ ನೂರಕ್ಕೆ ಒಂದರಷ್ಟು ಪೆಟ್ಟು. ಮೂವತ್ತಮೂರು ಸಾವಿರದ ಪಕ್ಕ ಕೂತ್ರೆ ಮೂರಕ್ಕಿಂತ ಹೆಚ್ಚು. ಅದಕ್ಕೇ ತಣ್ಣಗಾದಾಗ ತಪ್ಪು ಜಾಸ್ತಿ. ಈಗ ಒಂದು ತಂತಿಗೂ ಹೊರಗಿನ ಸ್ಟೀಲ್ ಕೊಳವೆಗೂ ನಡುವೆ ಮೀಟರ್ ಇಡು. ಏನೂ ತೋರಿಸಬಾರದು.

— ತೋರಿಸ್ತಿದೆ ಸರ್. ಅರ್ಧ ಮೆಗಾಓಮ್ ಹತ್ರ, ನಿಲ್ತಾನೇ ಇಲ್ಲ, ಓಡಾಡ್ತಿದೆ.

— ನೀರು. ಕೊಳವೆಯೊಳಗೆ ತೇವ ಹೋಗಿದೆ. ಫ್ರಿಜ್ ಬಾಗಿಲು ತೆಗೆದಾಗೆಲ್ಲ ಹೊರಗಿನ ಗಾಳಿ ಒಳಗೆ ಬಂದು ಪ್ರೋಬ್ ಮೇಲೆ ಬೆವರತ್ತೆ. ಆ ತಂತಿ ಒಳಗೆ ಹೋಗೋ ಕಡೆ ಏನು ಹಾಕಿದ್ದೀರ?

— ಎಪಾಕ್ಸಿ, ಅದರ ಮೇಲೆ ಹೀಟ್ ಶ್ರಿಂಕ್.

— ಕೇಬಲ್ಲಿನ ಪಿವಿಸಿಗೂ ಎಪಾಕ್ಸಿಗೂ ಅಷ್ಟಕ್ಕಷ್ಟೆ, ಗಟ್ಟಿಯಾಗಿ ಹಿಡಿಯಲ್ಲ. ಬಿಸಿ ತಣ್ಣಗಾಗ್ತಾ ಸಂದು ಬಿಡತ್ತೆ. ಒಳಗೆ ಗಾಜಿನಲ್ಲಿ ಮುಚ್ಚಿದ ಥರ್ಮಿಸ್ಟರ್ ಹಾಕಿ, ಬಾಯಿಯನ್ನ ಕೇಬಲ್ಲಿಗೆ ಒಪ್ಪೋ ವಸ್ತುವಿನಲ್ಲಿ ಮುಚ್ಚಿದ್ರೆ ಬಾಳಿಕೆ ಬರತ್ತೆ.

— ಥರ್ಮಿಸ್ಟರ್ ಬದಲು ಪ್ಲಾಟಿನಂ ಸೆನ್ಸರ್, ಪಿಟಿ 100 ಹಾಕಿದ್ರೆ ಈ ಕಾಟವೇ ಇರ್ತಿರಲಿಲ್ವಾ?

— ಈ ಕಾಟ ಇರ್ತಿರಲಿಲ್ಲ. ಸೊನ್ನೆಯಲ್ಲಿ ಅದು ನೂರೇ ಓಮ್, ಪಕ್ಕದಲ್ಲಿ ಒಂದು ಮೆಗಾಓಮ್ ಕೂತ್ರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದರ ಕಾಟ ಇನ್ನೊಂದು ಥರ. ಡಿಗ್ರಿಗೆ 0.385 ಓಮ್ ಮಾತ್ರ ಬದಲಾಗೋದರಿಂದ ತಂತಿಯ ಒಂದೇ ಒಂದು ಓಮ್ ಸೇರಿದ್ರೂ 2.6 ಡಿಗ್ರಿ ತಪ್ಪು. ಅದಕ್ಕೇ ಮೂರು ತಂತಿ, ನಾಲ್ಕು ತಂತಿ ಎಳೆಯೋದು. ನಿನ್ನ 25 ಪಿಪಿಎಂ ರೆಸಿಸ್ಟರ್ ಬದಲು 100 ಪಿಪಿಎಂದು ಇದ್ದು ರೂಮು 20 ಡಿಗ್ರಿ ಬಿಸಿಯಾದ್ರೆ ಥರ್ಮಿಸ್ಟರಿಗೆ ಆಗೋ ತಪ್ಪು 0.04, ಪಿಟಿಗೆ ಅರ್ಧ ಡಿಗ್ರಿ. ಬಿದ್ದು ಪೆಟ್ಟಾದ್ರೆ ಒಳಗಿನ ಪ್ಲಾಟಿನಂ ತಂತಿ ಬಿಗಿದು ರೆಸಿಸ್ಟೆನ್ಸ್ ಏರತ್ತೆ, ಹೆಚ್ಚು ತೋರಿಸತ್ತೆ. ಯಾವ ಸೆನ್ಸರ್ ಹಾಕಿದ್ರೂ ಯಾವ ಕಡೆಗೆ ಕೆಡತ್ತೆ ಅಂತ ತಿಳ್ಕೊಂಡಿರ್ಬೇಕು, ಅಷ್ಟೆ. ಇಲ್ಲೇ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡೋರು ಫರ್ನೇಸಿನ ಹಳೇ ಥರ್ಮೋಕಪಲ್ ಕಿತ್ತು ತರ್ತಾರೆ. ಅದರಲ್ಲಿ ವೋಲ್ಟೇಜ್ ಹುಟ್ಟೋದು ತುದಿಯಲ್ಲಲ್ಲ, ಬಿಸಿಯಿಂದ ತಣ್ಣಗೆ ಬರೋ ದಾರಿಯ ಉದ್ದಕ್ಕೂ. ಅಲ್ಲಿ ಬೆಂದು ಕೆಟ್ಟಿದ್ದ ಭಾಗ ನನ್ನ ಬಾತಿನಲ್ಲಿ ಪೂರ್ತಿ ಒಳಗೆ ಮುಳುಗಿರತ್ತೆ, ಚೆನ್ನಾಗಿರೋ ಭಾಗ ದಾರಿಗೆ ಬರತ್ತೆ. ಇಲ್ಲಿ ಪಾಸ್, ಅಲ್ಲಿ ಫೇಲ್. ಅದನ್ನ ಅದರ ಜಾಗದಲ್ಲೇ, ಪಕ್ಕಕ್ಕೊಂದು ಹೊಸದನ್ನ ಇಳಿಸಿ ನೋಡ್ಬೇಕು ಅಂದ್ರೆ ಫರ್ನೇಸ್ ಬಿಡುವಿಲ್ಲ ಅಂತಾರೆ. ಇರ್ಲಿ, ನಿನ್ನ ವಿಷಯಕ್ಕೆ ಬರೋಣ.

— ನನಗೊಂದು ಯೋಚನೆ ಸರ್. ಸೋರಿಕೆ ಒಂದು ಮೆಗಾಓಮ್ ಅಂತ ಗೊತ್ತಾಯ್ತಲ್ಲ. ಆಫ್‌ಸೆಟ್ ಬೇಡ. ಸಾಫ್ಟ್‌ವೇರಲ್ಲಿ ಆ ಒಂದು ಮೆಗಾಓಮನ್ನ ಲೆಕ್ಕದಿಂದ ತೆಗೆದು, ಆಮೇಲೆ ಓಮನ್ನ ಡಿಗ್ರಿಗೆ ಬದಲಿಸೋ ಸ್ಟೈನ್‌ಹಾರ್ಟ್–ಹಾರ್ಟ್ ಸೂತ್ರಕ್ಕೆ ಕೊಡ್ತೀನಿ. ಎಲ್ಲಾ ಉಷ್ಣತೆಯಲ್ಲೂ ಸರಿಯಾಗತ್ತೆ.

— ಸೂತ್ರ ಆ ಇಬ್ಬರು 1968ರಲ್ಲಿ ಕೊಟ್ಟದ್ದು ಚೆನ್ನಾಗೇ ಇದೆ, ಮೂರು ಪಾಯಿಂಟ್ ಸರಿಯಾಗಿ ಹಿಡಿದ್ರೆ ಕೈ ಬಿಡಲ್ಲ. ನಿನ್ನ ಗಣಿತವೂ ಸರಿ. ಆದ್ರೆ ಆ ಒಂದು ಮೆಗಾಓಮ್ ಯಾವುದು? ರೆಸಿಸ್ಟರ್ ಅಲ್ಲ, ನೀರು. ಮೀಟರಲ್ಲಿ ಓಡಾಡ್ತಿದ್ದದ್ದನ್ನ ನೀನೇ ನೋಡಿದೆ. ಓವನ್ನಲ್ಲಿ 60 ಡಿಗ್ರಿಗೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಅಳೆದ್ರೆ ಸೋರಿಕೆ ಮಾಯ ಆಗಿರಬಹುದು. ಆಗ ನಿನ್ನ ತಿದ್ದುಪಡಿಯೇ ಅರ್ಧ ಡಿಗ್ರಿ ತಪ್ಪು ತೋರಿಸೋಕೆ ಶುರು ಮಾಡತ್ತೆ. ಮಳೆಗಾಲ ಬಂದ್ರೆ ಮತ್ತೆ ತೇವ. ಗಡಿಯಾರ ದಿನಾ ಐದು ನಿಮಿಷ ಮುಂದಿದ್ರೆ ಬಸ್ ಹಿಡೀಬಹುದು. ಒಂದಿನ ಮುಂದೆ ಒಂದಿನ ಹಿಂದೆ ಹೋಗೋ ಗಡಿಯಾರಕ್ಕೆ ಯಾವ ಸಂಖ್ಯೆ ಕೂಡಿಸ್ತೀಯ?

— ಹಂಗಾದ್ರೆ ಈ ಪ್ರೋಬ್ ಎಸೀಬೇಕು.

— ಎಸೀಬೇಡ, ಕತ್ತರಿಸಿ ನೋಡು, ತೇವ ಎಲ್ಲಿಂದ ಹೋಗಿದೆ ಅಂತ ಗೊತ್ತಾಗತ್ತೆ. ಆದ್ರೆ ಫ್ರಿಜ್ಜಿಗೆ ವಾಪಸ್ ಹೋಗೋದು ಬೇಡ.

— ಒಳ್ಳೇ ಲಾಗರನ್ನ ಐದರಲ್ಲೂ ಇಟ್ಟು ನೋಡಿದ್ನಲ್ಲ ಸರ್, ಸರಾಸರಿ 0.05 ಹೆಚ್ಚು ತೋರಿಸ್ತು. ಅದನ್ನ ತಿದ್ದಬಹುದಾ?

— ಬೇಡ. ನನ್ನ ಅಳತೆಯ ಅನಿಶ್ಚಿತತೆಯೇ ಅದರ ಹತ್ರ ಇದೆ. ತಿದ್ದಿದ್ರೆ ಮುಂದಿನ ವರ್ಷ ಅದು ಸರಿದದ್ದು ಯಾವುದು, ನೀನು ಸರಿಸಿದ್ದು ಯಾವುದು ಅಂತ ಬಿಡಿಸೋಕಾಗಲ್ಲ. 0.05 ಅಂತ ಬರೆದಿಟ್ಕೋ. ಮುಂದಿನ ಸಲ 0.07, ಅದರ ಮುಂದೆ 0.06 ಬಂದ್ರೆ ನಿಂತಿದೆ ಅಂತ ಅರ್ಥ. 0.10, 0.15 ಅಂತ ಒಂದೇ ಕಡೆ ನಡೀತಿದ್ರೆ ಆಗ ತಿದ್ದು, ಮತ್ತೆ ವರ್ಷಕ್ಕೊಮ್ಮೆ ಬದಲು ಆರು ತಿಂಗಳಿಗೆ ತಾ. ನನ್ನ ರೆಫರೆನ್ಸ್ ಪ್ರೋಬಿಗೂ ಇಂಥದೇ ಪುಸ್ತಕ ಇದೆ. ಆ ಪ್ರೋಬ್ ನನಗಿಂತ ದೊಡ್ಡ ಲ್ಯಾಬಿಗೆ ಹೋಗತ್ತೆ, ಅವರದು ದೆಹಲಿಯ ರಾಷ್ಟ್ರೀಯ ಲ್ಯಾಬ್ ಎನ್‌ಪಿಎಲ್‌ವರೆಗೂ. ಎಲ್ಲರೂ ಇನ್ನೊಬ್ಬರಿಗೆ ತೋರಿಸ್ಕೊಂಡೇ ಬದುಕೋದು.

— ಡಿಜಿಟಲ್ ಸೆನ್ಸರ್ ಹಾಕಿದ್ರೆ ಈ ತಲೆನೋವು ಕಮ್ಮಿ ಅಂತಾರೆ ನಮ್ಮ ಆಫೀಸಲ್ಲಿ. ಡಿಎಸ್18ಬಿ20 ನಾಲ್ಕು ದಶಾಂಶ ಕೊಡತ್ತೆ.

— 0.0625 ಮೆಟ್ಟಿಲಲ್ಲಿ ಕೊಡತ್ತೆ. ಅದನ್ನ ಮಾಡಿದವರೇ ಭರವಸೆ ಕೊಡೋದು ಹೆಚ್ಚು ಕಮ್ಮಿ ಅರ್ಧ ಡಿಗ್ರಿಗೆ. ಪರದೆ ಮೇಲೆ 4.0625 ಅಂತ ಬಂದ್ರೆ ನೋಡೋರು ಕೈ ಮುಗೀತಾರೆ, ನಾನು ಮೊದಲ ಅಂಕಿಯ ಮೇಲೇ ಅನುಮಾನ ಪಡ್ತೀನಿ. ಇನ್ನೊಂದು ಮರೆತೆ. ನಿನ್ನ ಥರ್ಮಿಸ್ಟರಿಗೆ ಸದಾ ಕರೆಂಟ್ ಹರೀತಿರತ್ತಾ?

— ಇಲ್ಲ ಸರ್, ಓದುವಾಗ ಮಾತ್ರ. ಸದಾ ಕೊಟ್ರೆ ಕಾಲು ಮಿಲಿವ್ಯಾಟಿನಷ್ಟು ತಾನೇ ಬಿಸಿಯಾಗತ್ತೆ. ಐಸ್ ನೀರಲ್ಲಿ ಆ ಬಿಸಿ ಕೊಚ್ಚಿ ಹೋಗಿ ಕಾಣಲ್ಲ, ಫ್ರಿಜ್ಜಿನ ನಿಂತ ಗಾಳಿಯಲ್ಲಿ 0.1, 0.2 ಏರತ್ತೆ. ಇಲ್ಲಿ ಪಾಸ್, ಅಲ್ಲಿ ಫೇಲ್, ನೀವು ಥರ್ಮೋಕಪಲ್ಲಿಗೆ ಹೇಳಿದ ಹಾಗೆ.

— ನಿಂಗೆ ಹೇಳ್ಕೊಡೋಕೆ ನನ್ನ ಹತ್ರ ಜಾಸ್ತಿ ಉಳಿದಿಲ್ಲ. ಈಗ ಕಷ್ಟದ್ದಕ್ಕೆ ಬರೋಣ. ಈ ಲಾಗರ್ ಅಲ್ಲಿದ್ದಾಗಿನ ದಾಖಲೆ ಇದೆಯಾ?

— ಲ್ಯಾಪ್‌ಟಾಪಲ್ಲಿದೆ. ಎಲ್ಲಾ 2ರಿಂದ 8ರ ಒಳಗೇ ಇದೆ ಸರ್. ಒಂದು ರಾತ್ರಿ ಮಾತ್ರ ಇಳಿದಿದೆ. ಥರ್ಮೋಸ್ಟಾಟನ್ನ ಯಾರೋ ತಿರುಗಿಸಿದ್ರಂತೆ. ಸೊನ್ನೆ ಮುಟ್ಟಿ ಒಂದೂವರೆ ಗಂಟೆ ಅಲ್ಲೇ ಇತ್ತು. ಮೈನಸ್ 0.5ಕ್ಕೆ ಒಂದು ಗಂಟೆ ಇಳಿದ್ರೆ ಅಲಾರಂ, ಅದು ಹೊಡೀಲಿಲ್ಲ. ಅದಕ್ಕೇ ಯಾರೂ ಮುಂದೆ ನೋಡ್ಲಿಲ್ಲ.

— ಯಾರು ತಿರುಗಿಸಿದ್ರು, ಯಾಕೆ?

— ಎಂಟರ ಹತ್ರ ಹೋಗ್ತಿದೆ ಅಂತ ನರ್ಸ್... ಓ.

— ಹೂಂ. ಲಾಗರ್ ಹೆಚ್ಚು ತೋರಿಸ್ತಿತ್ತು, ಅವರು ಪಾಪ ತಣ್ಣಗೆ ಮಾಡಿದ್ರು. ಅವರದ್ದೇನೂ ತಪ್ಪಿಲ್ಲ. ಆ ರಾತ್ರಿ ಈ ಪ್ರೋಬ್ ಇವತ್ತಿನಷ್ಟೇ ಕೆಟ್ಟಿದ್ರೆ ನಿಜವಾಗಿ ಮೈನಸ್ 0.6. ಅಲಾರಂ ಹೊಡೀಬೇಕಿತ್ತು.

— ಆದ್ರೆ ಆ ರಾತ್ರಿಗೆ ಎಷ್ಟು ಕೆಟ್ಟಿತ್ತು ಅಂತ ಹೇಗೆ ಹೇಳೋದು? ಹೋದ ವರ್ಷ ಸೊನ್ನೆ, ಇವತ್ತು 0.6. ನಡುವೆ ಗೆರೆ ಎಳೆದು ಆ ದಿನಾಂಕಕ್ಕೆ ಅಂದಾಜು ಮಾಡ್ಲಾ? 0.3 ಬರತ್ತೆ, ಆಗ ಅಲಾರಂ ಬೇಕಿರಲಿಲ್ಲ ಅಂತಾಗತ್ತೆ.

— ಗೆರೆ ಯಾವ ಆಧಾರದ ಮೇಲೆ? ತೇವ ದಿನಕ್ಕಿಷ್ಟು ಅಂತ ಹನಿ ಲೆಕ್ಕದಲ್ಲಿ ಒಳಗೆ ಹೋಗಿದೆಯಾ? ಸಂದು ಬಿಟ್ಟ ದಿನವೇ ಪೂರ್ತಿ ಹೋಗಿರಬಹುದು. ಎರಡು ಸರ್ಟಿಫಿಕೇಟಿನ ನಡುವೆ ಯಾವ ದಿನವಾದ್ರೂ ಸೊನ್ನೆಯಿಂದ 0.6ರವರೆಗೆ ಎಷ್ಟಾದ್ರೂ ಇದ್ದಿರಬಹುದು ಅನ್ನೋದಷ್ಟೇ ನಿನಗೂ ನನಗೂ ಗೊತ್ತಿರೋದು. ಹಳೇ ದಾಖಲೆಯ ಒಂದು ಅಂಕಿಯನ್ನೂ ತಿದ್ದಬೇಡ. ಇದ್ದದ್ದು ಇದ್ದ ಹಾಗೆ ಕೊಟ್ಟು, ಪಕ್ಕದಲ್ಲಿ ಇದನ್ನ ಬರಿ.

— ಯಾರಿಗೆ ಕೊಡೋದು?

— ಅಲ್ಲಿನ ಮೆಡಿಕಲ್ ಆಫೀಸರಿಗೆ. ಬಿಸಿಯಾದ್ರೆ ವಯಲ್ ಮೇಲಿನ ಗುರುತಿನ ಬಣ್ಣ ಬದಲಾಗತ್ತೆ, ಹೆಪ್ಪುಗಟ್ಟಿದ್ರೆ ಅದು ಏನೂ ಹೇಳಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಥರದ್ದು ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು. ಪೋಲಿಯೋ ಹನಿ, ದಡಾರದ ಲಸಿಕೆಗೆ ಅದರಿಂದ ತೊಂದರೆ ಇಲ್ಲ. ಅವರಿಗೆ ಶೇಕ್ ಟೆಸ್ಟ್ ಗೊತ್ತಿರತ್ತೆ. ಅದೇ ಲಾಟಿನ ಒಂದು ವಯಲನ್ನ ಬೇಕಂತಲೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ್ದನ್ನೂ ಅದನ್ನೂ ಒಟ್ಟಿಗೆ ಕುಲುಕಿ ಇಟ್ಟು ನೋಡ್ತಾರೆ. ಎರಡರಲ್ಲೂ ಗಷ್ಟು ಒಂದೇ ವೇಗದಲ್ಲಿ ಕೆಳಗೆ ಕೂತ್ರೆ ಅನುಮಾನದ್ದೂ ಹೋಯ್ತು ಅಂತ. ನಿಧಾನ ಕೂತ್ರೆ ಬಳಸಬಹುದು. ತೀರ್ಮಾನ ಅವರದ್ದು.

— ನಾನು ಏನೇನು ಹೇಳ್ಲಿ?

— ಎರಡು ಸರ್ಟಿಫಿಕೇಟಿನ ದಿನಾಂಕ, ಸೊನ್ನೆ ಮತ್ತು 0.6, ಆ ರಾತ್ರಿಯ ಗಂಟೆವಾರು ಓದು. ನಿನ್ನ 0.3 ಸೇರಿಸ್ಬೇಡ.

— ಆ ದಿನ ಫ್ರಿಜ್ಜಲ್ಲಿದ್ದ ಲಾಟು ಇನ್ನೂ ಉಳಿದಿದೆಯೋ ಇಲ್ವೋ ಸರ್. ಬುಧವಾರ, ಗುರುವಾರ ಲಸಿಕೆ ಹಾಕಿರ್ತಾರೆ.

— ಅದಕ್ಕೇ ಸೋಮವಾರದವರೆಗೆ ಕಾಯ್ಬೇಡ, ಈಗ್ಲೇ ಫೋನ್ ಮಾಡು. ಹೊರಗೆ ಮೆಟ್ಟಿಲ ಹತ್ರ ಹೋಗು, ಈ ರೂಮಲ್ಲಿ ಸಿಗ್ನಲ್ ಬರಲ್ಲ.